ಹಳೆಯ ಈಕ್ವಟೋರಿಯಲ್ ಮೌಂಟ್ ಕೊಳ್ಳುವ ಹುಬ್ಬಳ್ಳಿ-ಧಾರವಾಡದವರೇ, 15 ಡಿಗ್ರಿಗೆ ಇಳಿಸಿ ನೋಡದೆ ಹಣ ಕೊಡಬೇಡಿ

ಧಾರವಾಡದಲ್ಲಿ ಬಳಸಿದ ಖಗೋಳ ಉಪಕರಣಗಳನ್ನು ಮಾರುವ ಒಬ್ಬರ ಮಾತು ನಂಬಿ, ಕ್ಯಾಮೆರಾವನ್ನೋ ದುರ್ಬೀನನ್ನೋ ಹೊತ್ತು ಆಕಾಶದ ಚಲನೆಯ ಜೊತೆಗೇ ಮೋಟಾರಿನಿಂದ ತಿರುಗಿಸುವ ಈಕ್ವಟೋರಿಯಲ್ ಮೌಂಟ್ ಒಂದನ್ನು ಕೊಂಡು ನಾನು 28,000 ರೂಪಾಯಿ ಕಳೆದುಕೊಂಡಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅವರು ತೋರಿಸುವ ಚಿತ್ರವೂ ಹೇಳುವ ಕಥೆಯೂ ಎಲ್ಲರಿಗೂ ಒಂದೇ ಆದ್ದರಿಂದ ಗುರುತು ಹಿಡಿಯುವುದು ಕಷ್ಟವಾಗದು.

ಆಕಾಶ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಿರುವಾಗ 300 ಮಿ.ಮೀ. ಲೆನ್ಸಿನಲ್ಲಿ ಎರಡು ಸೆಕೆಂಡಿಗೇ ನಕ್ಷತ್ರಗಳು ಗೆರೆಯಾಗುತ್ತವೆ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿಯ ತೋಳುಗಳು ಮೂಡಬೇಕಾದರೆ ನಿಮಿಷಗಟ್ಟಲೆಯ ಎಕ್ಸ್‌ಪೋಷರ್‌ಗಳು ಬೇಕು, ಅದಕ್ಕೆ ಮೌಂಟ್ ಬೇಕೇ ಬೇಕು. "ಇದೇ ಮೌಂಟಿಂದ, ನಮ್ಮ ಮಾಳಿಗಿ ಮ್ಯಾಲಿಂದನ, ಎಂಬತ್ತು ಮಿ.ಮೀ. ಲೆನ್ಸಿನ ದುರ್ಬೀನು ಕೂಡಿಸಿ ತಗದೇನ್ರಿ ಸರ" ಎಂದು ಅವರು ತೋರಿಸಿದ ಆಂಡ್ರೊಮಿಡಾ ಚಿತ್ರದಲ್ಲಿ ಧೂಳಿನ ಪಟ್ಟಿಗಳೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಸಾಮಾನ್ಯವಾಗಿ ಇಂತಹ ವ್ಯವಹಾರದಲ್ಲಿ ಒಂದು ರಾತ್ರಿ ಓಡಿಸಿ ನೋಡಿದ ಮೇಲೆಯೇ ಹಣ ಕೈ ಬದಲಾಗುತ್ತದೆ. ಆಗ ಶ್ರಾವಣದ ಮೋಡ ಕವಿದಿತ್ತು. ಇನ್ನೊಬ್ಬ ಗಿರಾಕಿ ಸಂಜೆಗೆ ಬರುತ್ತಾರೆಂದು ಅವಸರಪಡಿಸಿ, ಕೋಣೆಯೊಳಗೆ ಮೋಟಾರಿನ ಸದ್ದು ಕೇಳಿಸಿ, ಹಣವನ್ನು ಅಲ್ಲೇ ಫೋನಿನಲ್ಲಿ ಹಾಕಿಸಿಕೊಂಡರು.

ಮಳೆಗಾಲ ಮುಗಿದ ಮೇಲೆ, ನನ್ನ ಮಾತು ಕೇಳಿ ಉತ್ಸಾಹದಿಂದ ಬಂದ ಗೆಳೆಯರೊಂದಿಗೆ ಮುಂಡರಗಿ ಕಡೆಯ ಒಂದು ಹೊಲದಲ್ಲಿ ಅದನ್ನು ನಿಲ್ಲಿಸಿದೆ. ಮೌಂಟಿನ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಬೇಕು, ಆ ನಕ್ಷತ್ರ ನಮ್ಮ ಅಕ್ಷಾಂಶದಷ್ಟೇ ಎತ್ತರದಲ್ಲಿ, ಅಂದರೆ ಸುಮಾರು 15 ಡಿಗ್ರಿಯಲ್ಲಿ ಇರುತ್ತದೆ. ಎತ್ತರದ ತಿರುಪನ್ನು ಸಡಿಲಿಸುತ್ತ ಹೋದೆ. 20ಕ್ಕೆ ಬಂದು ನಿಂತಿತು. ಜಂಗು ಹಿಡಿದಿರಬೇಕೆಂದು ಟಾರ್ಚ್ ಹಿಡಿದು ನೋಡಿದರೆ ಅಳತೆಪಟ್ಟಿಯೇ 20ರಿಂದ ಆರಂಭವಾಗುತ್ತಿತ್ತು. ಉತ್ತರದ ದೂರದ ದೇಶಗಳ ಗಿರಾಕಿಗಳನ್ನು ನೆನೆದು ಮಾಡಿದ ಮೌಂಟ್ ಅದು. ಧಾರವಾಡದ ಮಾಳಿಗೆಯ ಮೇಲೆ ಧ್ರುವ ನಕ್ಷತ್ರಕ್ಕೆ ಅದು ತಲೆ ಬಗ್ಗಿಸಿದ್ದೇ ಸುಳ್ಳು! "ಏನಾತೋ?" ಎಂದು ಗೆಳೆಯರು ಕೇಳುತ್ತಿದ್ದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. "ಹಿಂದಿನ ಕಾಲಿಗೆ ಇಟ್ಟಿಗಿ ಕೊಡ್ರಿ ಸರ, ಇಳೀತದ" ಎಂದರು. ಇಟ್ಟಿಗೆ ಕೊಟ್ಟರೆ ಕೋನ ಸಿಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವರ್ಷಗಟ್ಟಲೆ ಇಲ್ಲೇ ಬಳಸಿದೆನೆಂದವರಿಗೆ ಆ ಇಟ್ಟಿಗೆಯ ನೆನಪು ಹಣ ಪಡೆಯುವ ಮೊದಲು ಏಕೆ ಬರಲಿಲ್ಲ? ಹೊಲದ ಕಲ್ಲುಗಳನ್ನೇ ಕೊಟ್ಟು ನೋಡಿದೆವು. ಮೋಟಾರು ಸದ್ದು ಮಾಡುತ್ತಿತ್ತು, ಅಕ್ಷ ತಡೆತಡೆದು ತಿರುಗುತ್ತಿತ್ತು, ನಕ್ಷತ್ರಗಳೆಲ್ಲ ಉದ್ದುದ್ದ ಬಂದವು. ಇದಕ್ಕೆ ಬಂದ ಉತ್ತರ: "ನಿಮಗ ಬಳಸಾಕ ಬರಂಗಿಲ್ಲ."

ಮನೆಗೆ ಬಂದು ಅವರ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಪ್ರತಿ ಪ್ರಕಾಶಮಾನ ನಕ್ಷತ್ರದಿಂದಲೂ ನಾಲ್ಕು ಕಡ್ಡಿಗಳು ಹೊರಟಿವೆ. ಕನ್ನಡಿಯ ದೂರದರ್ಶಕದಲ್ಲಿ ಚಿಕ್ಕ ಕನ್ನಡಿಯನ್ನು ಹಿಡಿದಿರುವ ಪಟ್ಟಿಗಳಿಂದ ಬರುವ ಗುರುತು ಅದು, ಎಂಬತ್ತು ಮಿ.ಮೀ. ಲೆನ್ಸಿನ ದುರ್ಬೀನಿನಲ್ಲಿ ಅಂತಹ ಪಟ್ಟಿಗಳೇ ಇರುವುದಿಲ್ಲ. ಕ್ಯಾಮೆರಾದ ಮೂಲ ಫೈಲ್ ಕಳಿಸಿ ಎಂದೆ. "ಮೆಮೊರಿ ಕಾರ್ಡ್ ಕೆಟ್ಟೈತ್ರಿ." ಹಣ ಮರಳಿಸಿ ಎಂದೆ. "ಮಾರಿದ್ದು ವಾಪಸ್ ತಗೊಳ್ಳಂಗಿಲ್ರಿ, ನೀವ ನೋಡಿ ಒಯ್ದೀರಿ." ನೋಡಿ ಒಯ್ದಿದ್ದೇನಂತೆ, ಮೋಡದ ದಿನ, ಮುಚ್ಚಿದ ಕೋಣೆಯಲ್ಲಿ!

ಎತ್ತರದ ತಿರುಪು 15ಕ್ಕೆ ಇಳಿಯುವುದನ್ನು ಕಣ್ಣಾರೆ ನೋಡಿರಿ. ಚಿತ್ರ ತೋರಿಸಿದರೆ ಮೂಲ ಫೈಲ್ ಕೇಳಿರಿ. ಕಾರ್ಡ್ ಕೆಟ್ಟಿದೆ ಎಂದರೆ ಎದ್ದು ಬನ್ನಿರಿ. ರಾತ್ರಿ ಓಡಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಈಗ ಅವರು ಗದಗಿನ ಒಬ್ಬರಿಗೆ ಮತ್ತೊಂದು ಮೌಂಟನ್ನು ಅದೇ ನಾಲ್ಕು ಕಡ್ಡಿಗಳ ಆಂಡ್ರೊಮಿಡಾ ತೋರಿಸಿ ಮಾರಲು ಹೊರಟಿದ್ದಾರೆಂದು ತಿಳಿದದ್ದರಿಂದಲೇ ಇಷ್ಟನ್ನು ಬರೆದಿದ್ದೇನೆ.