ಹುಬ್ಬಳ್ಳಿಯ ಅರ್ಜಿ ಟೈಪಿಂಗ್ ಅಂಗಡಿ: ದಿಲ್ಲಿಗೆ ಪತ್ರ ಬರೆಯಬೇಕಿದ್ದರೆ ಇಲ್ಲಿಗೆ ಹೋಗಿ

ಹುಬ್ಬಳ್ಳಿ ಮಿನಿ ವಿಧಾನಸೌಧಕ್ಕೆ ಕೆಲಸದ ಮೇಲೆ ಹೋದವರಿಗೆ ಆ ಸುತ್ತಿನ ಟೈಪಿಂಗ್ ಅಂಗಡಿಗಳು ಗೊತ್ತೇ ಇರುತ್ತವೆ. ಉತಾರ, ವಾರಸಾ, ಜಾತಿ ಪ್ರಮಾಣಪತ್ರ, ಅಫಿಡವಿಟ್, ಝೆರಾಕ್ಸ್ ಎಲ್ಲಾ ಅಲ್ಲೇ. ಅವುಗಳಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಒಂದು ಸಣ್ಣ ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಝೆರಾಕ್ಸ್ ಮಷಿನ್ ಗಂಡ ನೋಡಿಕೊಳ್ಳುತ್ತಾರೆ, ಟೈಪಿಂಗ್ ಹೆಂಡತಿಯದು. ನಾನು ಮಾಡಿಸಿದ್ದು ತಹಶೀಲ್ದಾರರಿಗೆ ಕೊಡುವ ಅರ್ಜಿ ಅಲ್ಲ. ಪ್ರಧಾನಿಯವರಿಗೆ, ವಿದೇಶಾಂಗ ಸಚಿವರಿಗೆ, ನಮ್ಮ ಸಂಸದರಿಗೆ ಪತ್ರ.

ನಾನು ಹಳೇ ಹುಬ್ಬಳ್ಳಿಯಲ್ಲಿ ಅಂಗನವಾಡಿ ನಡೆಸಿ ನಿವೃತ್ತಳಾದವಳು. ಓಣಿಯ ಮುದುಕಿಯರು ಪಿಂಚಣಿ ಬಂತಾ ಅಂತ ನೋಡೋಕೆ ಇವತ್ತಿಗೂ ಪಾಸ್‌ಬುಕ್ ಹಿಡಿದು ನನ್ನ ಹತ್ತಿರವೇ ಬರುತ್ತಾರೆ. ವೃದ್ಧಾಪ್ಯ ವೇತನದಲ್ಲಿ ಕೇಂದ್ರ ಸರ್ಕಾರದ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಅಂತ ಯೋಜನೆ ಬಂದಾಗಲೂ ಅಷ್ಟೇ ಇತ್ತು. 2011ರಲ್ಲಿ 80 ದಾಟಿದವರಿಗೆ 500 ಮಾಡಿದರು, ಉಳಿದವರದ್ದು ಅಲ್ಲೇ ನಿಂತಿತು. ವಿಧವೆಯರು, ಅಂಗವಿಕಲರ ಪಿಂಚಣಿ ಸೇರಿಸಿ ಇಡೀ ದೇಶಕ್ಕೆ ಕೇಂದ್ರ ತೆಗೆದಿಟ್ಟ ಹಣ 2015-16ರಲ್ಲಿ 9,082 ಕೋಟಿ, 2025-26ರಲ್ಲಿ 9,652 ಕೋಟಿ. ಹತ್ತು ವರ್ಷದಲ್ಲಿ ಅಕ್ಕಿ, ಗುಳಿಗೆ, ಬಾಡಿಗೆ ಎಷ್ಟು ಏರಿದೆ ನೋಡಿ. ಇದನ್ನು ನಾನು ಕಡಿತ ಅಂತಲೇ ಕರೆಯುತ್ತೇನೆ.

ಇನ್ನೊಂದು ವಿಷಯ ಯುದ್ಧ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಸತ್ತ ವೈದ್ಯಕೀಯ ವಿದ್ಯಾರ್ಥಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹುಡುಗ. ಮರುದಿನವೇ ರಷ್ಯಾ ಸೇನೆ ವಾಪಸ್ ಹೋಗಬೇಕು ಅಂತ ವಿಶ್ವಸಂಸ್ಥೆಯಲ್ಲಿ 141 ದೇಶಗಳು ಮತ ಹಾಕಿದವು. ನಮ್ಮ ದೇಶ ಯಾವ ಕಡೆಗೂ ಹಾಕದೆ ದೂರ ಉಳಿಯಿತು. 2025ರ ಜೂನ್ 12ರಂದು ಗಾಜಾ ಕದನವಿರಾಮಕ್ಕೆ 149 ದೇಶಗಳು ಮತ ಹಾಕಿದಾಗಲೂ ದೂರವೇ ಉಳಿಯಿತು. ಅಲ್ಲಿ ಸಾಯುತ್ತಿದ್ದುದು ಮಕ್ಕಳು. ಜೀವನವಿಡೀ ಮಕ್ಕಳಿಗೆ ಊಟ ಹಾಕಿದ ನನಗೆ ಇದನ್ನು ನೋಡಿಕೊಂಡು ಸುಮ್ನೆ ಕೂರಲು ಆಗಲಿಲ್ಲ.

ಎರಡೂ ಒಂದೇ ಪತ್ರದಲ್ಲಿ ಇರಬೇಕು ಅಂತ ನನ್ನ ಹಟ. ಯಾಕೆಂದರೆ ಯುದ್ಧಕ್ಕೆ ಮುಂಚೆ ನಮ್ಮ ದೇಶಕ್ಕೆ ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ಉಕ್ರೇನಿನಿಂದಲೇ ಬರುತ್ತಿತ್ತು. ಯುದ್ಧ ಶುರುವಾದ ಮೇಲೆ ಎಣ್ಣೆ ರೇಟು ಏರಿತು. ಪಾಕೀಟು ಕೊಳ್ಳುವ ಮುದುಕಿಗೆ ದಿಲ್ಲಿಯಿಂದ ಬರುವುದು ಅದೇ 200.

ಈಗ ಅಂಗಡಿ ವಿಷಯಕ್ಕೆ ಬರುತ್ತೇನೆ. ನಾನು ಕೈಬರಹದಲ್ಲಿ ಒಯ್ದಿದ್ದನ್ನು ಆಕೆ ಪೂರ್ತಿ ಓದಿದರು. ಓದದೇ ಟೈಪ್ ಹೊಡೆಯುವವರೇ ಜಾಸ್ತಿ. ಓದಿ ಮುಗಿಸಿ ಮೊದಲು ಕೇಳಿದ್ದು ಇದು: "ಟೀಚರ್, ಆ ಅಜ್ಜಿ ಪಿಂಚಣಿ ಆದೇಶ ಅದನ್ರಿ? ಸಂಧ್ಯಾ ಸುರಕ್ಷಾ ಇದ್ರ ಅದು ಪೂರಾ ರಾಜ್ಯದ್ದು. ದಿಲ್ಲಿಗೆ ಬರದ್ರ ಏನೂ ಉಪಯೋಗ ಇಲ್ರಿ." ಅದೃಷ್ಟಕ್ಕೆ ನಮ್ಮ ಪಕ್ಕದ ಮನೆ ಅಜ್ಜಿಯ ಆದೇಶದ ಝೆರಾಕ್ಸ್ ನನ್ನ ಚೀಲದಲ್ಲಿತ್ತು. ಅದರಲ್ಲಿ ಇಂದಿರಾ ಗಾಂಧಿ ಯೋಜನೆಯ ಹೆಸರಿತ್ತು. ಆಕೆಗೆ ಬರುವ 1,200ರಲ್ಲಿ 200 ಕೇಂದ್ರದ್ದು, ಉಳಿದಿದ್ದು ರಾಜ್ಯದ್ದು. ಎರಡೂ ಯೋಜನೆಗೆ ಜನ ಬಾಯಲ್ಲಿ ಹೇಳುವುದು ಮುದುಕರ ಪಗಾರ ಅಂತಲೇ, ಹಾಗಾಗಿ ಆದೇಶ ನೋಡದೆ ಬರೆದರೆ ತಪ್ಪು ಬಾಗಿಲು ತಟ್ಟಿದಂತೆ ಆಗುತ್ತದೆ.

ಆಮೇಲೆ ಕೇಂದ್ರದ ದೂರು ಪೋರ್ಟಲ್ ಬಗ್ಗೆ ತಿಳಿಸಿ ಹೇಳಿದರು. ಸಿಪಿಗ್ರಾಮ್ಸ್‌ನಲ್ಲಿ ಬರೀ ಸಲಹೆಯನ್ನು ದೂರು ಅಂತ ತೆಗೆದುಕೊಳ್ಳುವುದಿಲ್ಲ. ಯುದ್ಧದ ಬಗ್ಗೆ ನಾನು ಬರೆದಿದ್ದು ಅಲ್ಲಿ ನಿಲ್ಲುವುದಿಲ್ಲ. ಪಿಂಚಣಿ ನೋಡುವುದು ಗ್ರಾಮೀಣಾಭಿವೃದ್ಧಿ ಸಚಿವಾಲಯ, ವಿದೇಶಾಂಗದವರಲ್ಲ. "ಪೋಸ್ಟಿನಾಗ ಕಳಸೂದು ನಿಮ್ಮ ಪತ್ರ ಹೆಂಗ ಐತಿ ಹಂಗ ಇರ್ಲಿ. ಪೋರ್ಟಲ್ಲಿಗೆ ಪಿಂಚಣಿದಷ್ಟ ಬ್ಯಾರೆ ಮಾಡೋಣ್ರಿ" ಅಂದರು. ಹಾಗೇ ಮಾಡಿದೆವು. ಅಲ್ಲಿ ಉತ್ತರ ಕೊಡಲು 21 ದಿನದ ಗಡುವು ಇದೆ ಎಂಬುದನ್ನೂ ಪತ್ರದ ಅಂಚಿನಲ್ಲಿ ಪೆನ್ನಿನಲ್ಲಿ ಬರೆದುಕೊಟ್ಟರು. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದನ್ನೂ ನಾನು ಸೇರಿಸಿದ್ದೆ. ಅದನ್ನು ಬೇರೆ ಅರ್ಜಿಯಾಗಿ ಕೊಡಿ ಅಂದರು. ಅದನ್ನೂ ಒಪ್ಪಿದೆ.

ಒಂದು ವಿಷಯಕ್ಕೆ ಮಾತ್ರ ಸ್ವಲ್ಪ ವಾದವಾಯಿತು. ಅವರ ಕಂಪ್ಯೂಟರಿನಲ್ಲಿ ಅರ್ಜಿಯ ಒಂದು ಸಿದ್ಧ ನಮೂನೆ ಇದೆ. ಬಡವಳಾದ ನನ್ನ ಮೇಲೆ ದಯೆ ತೋರಬೇಕು ಅಂತ ಮುಗಿಯುವಂಥದ್ದು. ನಾನು ದಯೆ ಕೇಳಲು ಹೋಗಿರಲಿಲ್ಲ. ಪಿಂಚಣಿ ಮೊತ್ತ ಹೆಚ್ಚಿಸಿ ಅಂತ ಸಂಸತ್ತಿನ ಸ್ಥಾಯಿ ಸಮಿತಿಯೇ ಮತ್ತೆ ಮತ್ತೆ ಹೇಳಿದೆ. 2025-26ರಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ ಕೊಟ್ಟಿದ್ದಾರೆ. ಸೈನಿಕರ ಬಗ್ಗೆ ನನಗೆ ಒಂದು ಮಾತೂ ಇಲ್ಲ, ನಮ್ಮ ಓಣಿಯ ಹುಡುಗರೂ ಗಡಿಯಲ್ಲಿದ್ದಾರೆ. ಆದರೆ ಮುದುಕಿಯ 200 ಹೆಚ್ಚಿಸಲು ಯಾಕೆ ಹಣ ಇಲ್ಲ, ಯುದ್ಧ ನಿಲ್ಲಲಿ ಅಂತ ಮತ ಹಾಕಲು ಯಾಕೆ ಆಗಲಿಲ್ಲ, ಇದನ್ನು ಪ್ರಶ್ನೆಯಾಗಿಯೇ ಹಾಕಿ ಅಂದೆ. ಆಕೆ ನಮೂನೆಯ ಕೊನೆಯ ಸಾಲುಗಳನ್ನು ಅಳಿಸಿ ನನ್ನ ಪ್ರಶ್ನೆಗಳನ್ನು ಒಂದರ ಕೆಳಗೆ ಒಂದು ಹಾಕಿದರು. ಪಕ್ಕದಲ್ಲಿ ಉತಾರಕ್ಕೆ ಕಾಯುತ್ತಿದ್ದ ರೈತರೊಬ್ಬರು ಪ್ರಿಂಟ್ ಇಸಿದುಕೊಂಡು ಓದಿ, ನಮ್ಮವ್ವನ ಹೆಸರಿನಲ್ಲೂ ಇಂಥದ್ದೊಂದು ತೆಗೀರಿ ಅಂದರು.

ತಿಳಿದಿರಲಿ, ಅಂಗಡಿಯಲ್ಲಿ ಟೈಪ್ ಮಾಡುವುದು ಹಳೆ ನುಡಿ ಫಾಂಟಿನಲ್ಲಿ. ಪ್ರಿಂಟ್ ಚೆಂದ ಬರುತ್ತದೆ. ಆದರೆ ಪೋರ್ಟಲ್‌ಗೋ ವಾಟ್ಸಾಪ್‌ಗೋ ಹಾಕಿದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ. ಯೂನಿಕೋಡ್‌ನಲ್ಲಿ ಬೇಕು ಅಂತ ಮೊದಲೇ ಹೇಳಿ, ಮಾಡಿಕೊಡುತ್ತಾರೆ. 2025ರ ಸೆಪ್ಟೆಂಬರ್‌ನಿಂದ ರಿಜಿಸ್ಟರ್ಡ್ ಪೋಸ್ಟ್ ಬೇರೆಯಾಗಿ ಇಲ್ಲ, ಸ್ಪೀಡ್ ಪೋಸ್ಟ್‌ನಲ್ಲಿ ಸೇರಿದೆ. ಲಕೋಟೆ ಮೇಲೆ ವಿಳಾಸವನ್ನೂ ಅವರೇ ಅಂಟಿಸಿಕೊಟ್ಟರು.

ಕೊರತೆಗಳೂ ಇವೆ. ರೇಟಿನ ಬೋರ್ಡ್ ಇಲ್ಲ, ಮೊದಲೇ ಕೇಳಿಕೊಳ್ಳಿ. ನನಗೆ ಪುಟಕ್ಕೆ 40 ರೂಪಾಯಿ ಹಿಡಿದರು, ಆ ಕೆಲಸಕ್ಕೆ ಅದು ಕಡಿಮೆಯೇ. ಝೆರಾಕ್ಸ್‌ನಲ್ಲಿ ಅಂಚಿಗೆ ಒಂದು ಕಪ್ಪು ಗೆರೆ ಬೀಳುತ್ತದೆ. ನಿಜವಾದ ತೊಂದರೆ ಮೆಟ್ಟಿಲು. ಎತ್ತರ ಜಾಸ್ತಿ, ಹಿಡಿದುಕೊಳ್ಳಲು ಏನೂ ಇಲ್ಲ. ಅಲ್ಲಿಗೆ ಹೆಚ್ಚಾಗಿ ಬರುವುದೇ ವಯಸ್ಸಾದವರು. ಒಂದು ಕಬ್ಬಿಣದ ಪೈಪು ಹಾಕಿಸಿ ಅಂತ ಯಜಮಾನರಿಗೆ ಹೇಳಿ ಬಂದಿದ್ದೇನೆ.

ಪತ್ರ ತಲುಪಿದ್ದು ಟ್ರ್ಯಾಕಿಂಗ್‌ನಲ್ಲಿ ಕಾಣುತ್ತಿದೆ. ಮುಂದಿನದ್ದು ಮಾಹಿತಿ ಹಕ್ಕು ಅರ್ಜಿ. 200 ರೂಪಾಯಿ ಹೆಚ್ಚಿಸುವ ಕಡತ ಎಲ್ಲಿದೆ ಅಂತ ಕೇಳುವುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಹಾಗಾಗಿ ಆ ಅಜ್ಜಿಯ ಹೆಸರಿನಲ್ಲೇ ಹಾಕೋಣ ಅಂತ ಟೈಪಿಂಗ್ ಅಕ್ಕನೇ ಹೇಳಿದರು. ನೀವು ಹೋಗುವುದಾದರೆ ಪಿಂಚಣಿ ಆದೇಶ, ಆಧಾರ್, ರೇಷನ್ ಕಾರ್ಡ್ ಮೂರರ ಪ್ರತಿಯನ್ನೂ ಒಯ್ಯಿರಿ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಸ್ವಲ್ಪ ಮುಚ್ಚಿರುತ್ತದೆ.