ಮೆಟ್ಟಿಲಿಳಿಸಲು ಯಾವುದು: ಬೆಲ್ಟ್ ಕುರ್ಚಿಯೋ, ಹೊರುವ ಕುರ್ಚಿಯೋ, ಶೀಟೋ?

ಬೆಂಕಿ ಬಿದ್ದಾಗ ಲಿಫ್ಟ್ ಹತ್ತುವಂತಿಲ್ಲ. ಐದನೇ ಮಹಡಿಯಿಂದ ಅಜ್ಜಿಯನ್ನು ಇಳಿಸುವುದು ಹೇಗೆ ಎಂದು ಕೇಳಿದ್ದೀರಿ. ಸಹಾಯಕ್ಕೆ ಎಷ್ಟು ಜನ ಇರುತ್ತಾರೆ ಅನ್ನೋದನ್ನೇ ಮೊದಲು ನೋಡಿ.

ಅಡಿಯಲ್ಲಿ ಬೆಲ್ಟ್ ಇರುವ ಇವ್ಯಾಕ್ಯುಯೇಷನ್ ಚೇರ್ (ತುರ್ತಿನಲ್ಲಿ ಜನರನ್ನು ಇಳಿಸುವ ಕುರ್ಚಿ) ಮೆಟ್ಟಿಲಂಚಿನ ಮೇಲೆ ಜಾರುತ್ತಾ ಇಳಿಯುತ್ತದೆ. ಬೆಲ್ಟಿನ ಹಿಡಿತವೇ ವೇಗ ತಡೆಯುತ್ತದೆ, ಹಾಗಾಗಿ ಅಭ್ಯಾಸವಿದ್ದರೆ ಒಬ್ಬರೇ ಸಾಕು. ಹೊರುವ ಕುರ್ಚಿಗೆ ಕನಿಷ್ಠ ಇಬ್ಬರು ಬೇಕು, ಅವರ ಬೆನ್ನೂ ಗಟ್ಟಿ ಇರಬೇಕು ಅಲ್ವಾ!

ಬೆಲೆ ಬೆಲ್ಟ್ ಕುರ್ಚಿಗೇ ಜಾಸ್ತಿ. ಆದರೂ ನೆಲಮಾಳಿಗೆಯಿಂದ ಮೇಲೆ ತರಲು ಮೋಟಾರಿಲ್ಲದ ಬೆಲ್ಟ್ ಕುರ್ಚಿ ಆಗದು, ಅಲ್ಲಿ ಹೊರುವುದೇ ದಾರಿ. ಇಕ್ಕಟ್ಟಾದ ಸುರುಳಿ ಮೆಟ್ಟಿಲಿಗೂ ಅಷ್ಟೇ.

ಕೂರಲಾಗದವರಿಗೆ ಹಾಸಿಗೆಯಡಿ ಹಾಸಿಟ್ಟು, ಹಾಸಿಗೆ ಸಮೇತ ಅವರನ್ನು ಎಳೆದೊಯ್ಯುವ ಶೀಟ್ ಸರಿ. ಅದಕ್ಕೂ ಇಬ್ಬರು ಬೇಕು.

ರಾತ್ರಿ ನೀವೊಬ್ಬರೇ ಇದ್ದು, ಅಜ್ಜಿ ಕೂರಬಲ್ಲರಾದರೆ ಬೆಲ್ಟ್ ಕುರ್ಚಿ ತಗೊಳ್ಳಿ. ಸುಮ್ನೆ ಸ್ಟೋರ್ ರೂಮಿನಲ್ಲಿ ಬೀಗ ಹಾಕಿ ಇಡಬೇಡಿ, ಮೆಟ್ಟಿಲ ಹತ್ತಿರವೇ ಇರಲಿ.