ಉಪನ್ಯಾಸ, ಚರ್ಚೆ, ಜರ್ನಲ್: ವಿಜ್ಞಾನ ತರಗತಿಯಲ್ಲಿ ನೀತಿ ಕಲಿಸಲು ಯಾವುದು ಒಳ್ಳೆಯದು?

ವಿಜ್ಞಾನದ ಜೊತೆಗೆ ವಿಜ್ಞಾನಿಯ ನೀತಿಯನ್ನೂ ಕಲಿಸಬೇಕು ಅಂತ ನಾನು ಮೂರು ದಾರಿ ಹಿಡಿದು ನೋಡಿದ್ದೇನೆ: ಉಪನ್ಯಾಸ, ನಡೆದ ಪ್ರಕರಣಗಳ ಮೇಲೆ ಚರ್ಚೆ, ವಿದ್ಯಾರ್ಥಿಗಳೇ ಬರೆಯುವ ಜರ್ನಲ್, ಅಂದರೆ ದಿನಚರಿ. ನನ್ನ ಒಲವು ಜರ್ನಲ್ ಕಡೆಗೆ. ಆದರೆ ಅದು ಲ್ಯಾಬ್ ಕೆಲಸಕ್ಕೆ ಅಂಟಿಕೊಂಡೇ ಇರಬೇಕು.

ಉಪನ್ಯಾಸದ ಬಗ್ಗೆ ಜಾಸ್ತಿ ಹೇಳುವುದಕ್ಕೇನಿಲ್ಲ. ಮನುಷ್ಯರ ಮೇಲಿನ ಪ್ರಯೋಗಕ್ಕೆ ನೀತಿ ಹಾಕಿಕೊಟ್ಟ ನ್ಯೂರೆಂಬರ್ಗ್ ಸಂಹಿತೆ 1947, ಬೆಲ್ಮಾಂಟ್ ವರದಿ 1979 ಅಂತ ಹೇಳಿಕೊಟ್ಟರೆ ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತಾರೆ. ಕಡಿಮೆ ಹೊತ್ತಿನಲ್ಲಿ ನಿಯಮ ತಿಳಿಸಲು ಅಷ್ಟು ಸಾಕು.

ಚರ್ಚೆಗೆ ಜೀವ ಇದೆ. ಟಸ್ಕೀಗಿ ಪ್ರಕರಣವನ್ನೇ ತೆಗೆದುಕೊಳ್ಳಿ. 1932ರಿಂದ 1972ರವರೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ ಸುಮಾರು 400 ಕಪ್ಪು ಗಂಡಸರನ್ನು ಸುಮ್ನೆ ಗಮನಿಸುತ್ತಾ ಕೂತಿತು. 1940ರ ದಶಕದಲ್ಲೇ ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದಿದ್ದರೂ ಅವರಿಗೆ ಕೊಡಲಿಲ್ಲ. ಇದನ್ನು ಕೇಳಿದ ಯಾವ ವಿದ್ಯಾರ್ಥಿಯೂ ಸುಮ್ಮನಿರಲ್ಲ. ಒಬ್ಬರಿಗೆ ತೋಚದ್ದು ಇನ್ನೊಬ್ಬರಿಗೆ ತೋಚುತ್ತದೆ. ಆದರೆ ತೊಂದರೆಯೂ ಅಲ್ಲೇ ಇದೆ. ತಪ್ಪು ಮಾಡಿದವರು ಬೇರೆ ಯಾರೋ, ಬೇರೆ ಕಾಲದವರು. 'ನಾವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ' ಅಂತ ಎಲ್ಲರೂ ಒಪ್ಪಿಬಿಟ್ಟರೆ ಮುಂದೆ ಮಾತೇ ಇಲ್ಲ. ಪರ-ವಿರೋಧ ಅಂತ ಎರಡು ಪಕ್ಷ ಮಾಡಿದರೆ ಇನ್ನೂ ಕಷ್ಟ, ಸರಿ ಯಾವುದು ಅನ್ನುವುದು ಹೋಗಿ ಗೆಲ್ಲುವುದು ಹೇಗೆ ಅನ್ನುವುದೇ ಉಳಿಯುತ್ತದೆ.

ಜರ್ನಲ್‌ನಲ್ಲಿ ಎಲ್ಲವೂ ನಿಂತಿರುವುದು ನಾವು ಕೇಳುವ ಪ್ರಶ್ನೆಯ ಮೇಲೆ. 'ಇಂದು ನೀತಿಯ ಬಗ್ಗೆ ಏನು ಕಲಿತಿರಿ?' ಅಂದರೆ 'ಪ್ರಾಮಾಣಿಕತೆ ಮುಖ್ಯ' ಅಂತ ಒಂದೇ ಸಾಲು ಎಲ್ಲರಿಂದ ಬರುತ್ತದೆ. 'ಇವತ್ತು ಯಾವ ರೀಡಿಂಗ್ ಬಿಟ್ಟುಬಿಡೋಣ ಅನ್ನಿಸಿತು? ಯಾಕೆ? ಬಿಟ್ಟದ್ದನ್ನು ರೆಕಾರ್ಡ್‌ನಲ್ಲಿ ಬರೆದಿದ್ದೀರಾ?' ಅಂತ ಕೇಳಿದಾಗ ನಿಜವಾದ ಬರವಣಿಗೆ ಬರುತ್ತದೆ.

ಸರಳ ಲೋಲಕದ ಪ್ರಯೋಗದ ದಿನ ಒಬ್ಬ ವಿದ್ಯಾರ್ಥಿನಿ ಬರೆದದ್ದು ಇದು. ದಾರದ ಉದ್ದ ಒಂದು ಮೀಟರ್. 20 ಆಂದೋಲನಕ್ಕೆ 42.1 ಸೆಕೆಂಡ್ ಬಂತು. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 8.9, ಬರಬೇಕಾದದ್ದು 9.8. ಎಣಿಕೆ ತಪ್ಪಿ ಒಂದು ಆಂದೋಲನ ಜಾಸ್ತಿ ಆಗಿರಬೇಕು ಅಂದುಕೊಂಡಳು. ಪ್ರಯೋಗ ಮತ್ತೆ ಮಾಡಲಿಲ್ಲ, 42.1 ಅಳಿಸಿ 40.1 ಬರೆದಳು. ಅವಳ ಊಹೆ ಸರಿಯೇ ಇರಬಹುದು, ನಿಜಕ್ಕೂ 21 ಆಂದೋಲನ ಆಗಿದ್ದರೆ 42.1 ಸೆಕೆಂಡೇ ಬರುತ್ತದೆ. ಆದರೆ ಎಣಿಕೆ ನಿಜಕ್ಕೂ ತಪ್ಪಿತ್ತೋ ಇಲ್ಲವೋ ಇನ್ನು ತಿಳಿಯುವ ದಾರಿಯೇ ಇಲ್ಲ ಅಂತ ಅವಳೇ ಬರೆದಿದ್ದಳು. ಯಾವ ಉಪನ್ಯಾಸದಿಂದಲೂ ಈ ಮಾತು ಹೊರಡುತ್ತಿರಲಿಲ್ಲ.

ಇದಾದ ಮೇಲೆ ಎಲೆಕ್ಟ್ರಾನಿನ ವಿದ್ಯುದಂಶ ಅಳೆದ ಭೌತವಿಜ್ಞಾನಿ ಮಿಲಿಕನ್ನನ ಎಣ್ಣೆಹನಿ ಪ್ರಯೋಗವನ್ನು ಚರ್ಚೆಗೆ ತಂದರೆ ತರಗತಿಯ ಧಾಟಿಯೇ ಬೇರೆ. 1913ರ ಪ್ರಬಂಧದಲ್ಲಿ ಆತ 58 ಹನಿಗಳ ಲೆಕ್ಕ ಕೊಟ್ಟು, ಇವು ಆರಿಸಿ ತೆಗೆದವಲ್ಲ ಅಂತ ಬರೆದ. ಆತನ ನೋಟ್‌ಬುಕ್‌ನಲ್ಲಿ ಅದಕ್ಕಿಂತ ಜಾಸ್ತಿ ಹನಿಗಳಿವೆ. ಜರ್ನಲ್ ಬರೆದ ಮಕ್ಕಳು ಆತನನ್ನು ಕಳ್ಳ ಅಂತ ಕರೆದು ಮುಗಿಸಲ್ಲ. ಉಪಕರಣ ಸರಿಯಿಲ್ಲದಾಗ ಬಂದ ಹನಿಗಳನ್ನು ಬಿಡುವುದಕ್ಕೆ ಕಾರಣ ಇರಬಹುದು ಅನ್ನುತ್ತಾರೆ. ಬಿಟ್ಟೇ ಇಲ್ಲ ಅಂತ ಹೇಳುವುದು ಬೇರೆಯೇ ವಿಷಯ ಅಂತಲೂ ಅನ್ನುತ್ತಾರೆ. ಈ ಎರಡನ್ನೂ ಬೇರೆ ಮಾಡಿ ನೋಡುವುದು ಅವರಿಗೆ ಬರಬೇಕು ಅನ್ನುವುದೇ ನನ್ನ ಆಸೆ. ಹಾಗಾಗಿ ಮೊದಲು ಜರ್ನಲ್, ಆಮೇಲೆ ಚರ್ಚೆ.

ಜರ್ನಲ್‌ನ ದೊಡ್ಡ ಕಷ್ಟ ಅಂಕ. ಅಭಿಪ್ರಾಯಕ್ಕೆ ಅಂಕ ಕೊಟ್ಟರೆ ಮೇಷ್ಟ್ರಿಗೆ ಇಷ್ಟವಾಗುವುದನ್ನೇ ಬರೆಯುತ್ತಾರೆ, ಅಲ್ವಾ? ಏನು ನಡೆಯಿತು ಅನ್ನುವುದನ್ನು ಬಿಡಿಸಿ ಬರೆದಿದ್ದರೆ ಪೂರ್ತಿ ಅಂಕ ಕೊಡುವುದು ನನಗೆ ಸರಿ ಕಂಡಿದೆ. ಜರ್ನಲ್‌ನಲ್ಲಿ ಒಪ್ಪಿಕೊಂಡ ತಪ್ಪಿಗೆ ಲ್ಯಾಬ್ ಅಂಕ ಕಡಿಮೆಯಾಗಲ್ಲ, ಬರೆದವರನ್ನು ಕೇಳದೆ ಯಾರ ಪುಟವನ್ನೂ ತರಗತಿಯಲ್ಲಿ ಓದಲ್ಲ ಅಂತ ಮೊದಲ ದಿನವೇ ಹೇಳಬೇಕು. ಆ ಮಾತು ಒಮ್ಮೆ ಮುರಿದರೆ ಆಮೇಲೆ ಯಾರೂ ನಿಜ ಬರೆಯಲ್ಲ.

ಓದುವುದಕ್ಕೂ ಸಮಯ ಬೇಕು. ದೊಡ್ಡ ತರಗತಿಯಾದರೆ ವಾರಕ್ಕೆ ಒಂದು ಬ್ಯಾಚಿನದ್ದು ಓದಿ, ಪುಟದ ಅಂಚಿನಲ್ಲಿ ಒಂದು ಪ್ರಶ್ನೆ ಬರೆದು ವಾಪಸ್ ಕೊಡಿ. ಲ್ಯಾಬ್ ಇಲ್ಲದ, ಬರೀ ಥಿಯರಿಯ ಕೋರ್ಸ್ ಆಗಿದ್ದರೆ ಮಾತ್ರ ನಾನು ಜರ್ನಲ್ ಬಿಟ್ಟು ಚರ್ಚೆಯನ್ನೇ ಆರಿಸಿಕೊಳ್ಳುತ್ತೇನೆ. ಅಲ್ಲಿ ಬರೆಯುವುದಕ್ಕೆ ಅವರ ಕೈಯಿಂದಲೇ ನಡೆದ ಕೆಲಸ ಇರುವುದಿಲ್ಲ.